ಸಮುದ್ರದ ಬದಿಯ ಗೋಡೆ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಜನ ಅಲ್ಲ. ಅಜ್ಜಯ್ಯ ಜಗಲಿಯಲ್ಲಿ ಕೂತು ಹೇಳುತ್ತಿದ್ದ ಕಡಲಿನ ಕಥೆಗಳನ್ನು ಕೇಳಿಯೇ ನಾನು ಮಾತು ಕಲಿತದ್ದು. ನೀರಿನ ಮೇಲೆ ಬೆಳಕೊಂದು ದೋಣಿಯ ಬೆನ್ನು ಹಿಡಿದು ಬಂದದ್ದು, ಯಾರೂ ಇಲ್ಲದ ಕಡೆಯಿಂದ ಹುಟ್ಟು ಹಾಕುವ ಸದ್ದು ಕೇಳಿದ್ದು, ಎಲ್ಲವನ್ನೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಕೇಳಿ ಮುಗಿದ ಮೇಲೆ ಮಾತ್ರ, ಅದು ಗಂಗೊಳ್ಳಿಯವರ ದೋಣಿಯ ಲಾಟೀನು ಇರಬೇಕು ಅಜ್ಜಯ್ಯ, ಅನ್ನದೆ ಬಿಡುತ್ತಿರಲಿಲ್ಲ. ಅಜ್ಜಯ್ಯನಿಗೆ ಸಿಟ್ಟು ಬರುತ್ತಿರಲಿಲ್ಲ. "ಇಪ್ಪುಕೂ ಸಾಕ್", ಇದ್ದರೂ ಇರಬಹುದು, ಎಂದು ಎಲೆಯಡಿಕೆಗೆ ಕೈ ಹಾಕುತ್ತಿದ್ದರು.

ಮುಂದೆ ಕುಂದಾಪುರದಲ್ಲಿ ಝೆರಾಕ್ಸ್, ಟೈಪಿಂಗ್ ಮಾಡುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲಂತೂ ನನ್ನ ತಲೆ ಇನ್ನಷ್ಟು ಗಟ್ಟಿಯಾಯಿತು. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವನಿಗೆ ಒಂದು ಸಂಗತಿ ಗೊತ್ತಿರುತ್ತದೆ. ನಾವು ಹೇಳಿದ್ದನ್ನು ಬಿಟ್ಟು ಅದು ಬೇರೇನೂ ಮಾಡದು. ತಪ್ಪಾದರೆ ತಪ್ಪು ನಮ್ಮದು, ಇಲ್ಲವೇ ಕರೆಂಟಿನದ್ದು. ಹೀಗೆ ಹೇಳಿಕೊಂಡು ತಿರುಗುತ್ತಿದ್ದ ನನಗೆ ಆ ಅನುಭವ ಆದದ್ದು ನಮ್ಮ ಮನೆಯ ಚಾವಡಿಯಲ್ಲಿ, ಕಂಪ್ಯೂಟರಿನ ಮುಂದೆಯೇ, ಅದೂ ಒಂದು ಆಟ ಆಡುವಾಗ. ನಗು ಬಂದರೆ ನಕ್ಕುಬಿಡಿ. ಪೂರ್ತಿ ಓದಿದ ಮೇಲೆ ನಿಮಗೇನಾದರೂ ತೋಚಿದರೆ ನನಗೂ ಹೇಳಿ.

ನಮ್ಮ ಮನೆ ಮರವಂತೆಯಲ್ಲಿ. ಎದುರಿನ ಹೆದ್ದಾರಿ ದಾಟಿದರೆ ಹೊಳೆ, ಹಿತ್ತಿಲು ದಾಟಿದರೆ ಕಡಲು. ಮನೆಯಲ್ಲಿ ಅಮ್ಮ, ಅಣ್ಣಯ್ಯ, ಗಿರಿಜತ್ತಿಗೆ, ನಾನು. ಅಣ್ಣಯ್ಯ ಗಂಗೊಳ್ಳಿ ಬಂದರಿನಿಂದ ಮೀನು ಹಿಡಿಯುವ ದೋಣಿಗೆ ಹೋಗುತ್ತಿದ್ದ. ನಮ್ಮ ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದನ್ನು ನಾನು ಮನೆಗೆ ತಂದಿದ್ದೆ. ಅದಕ್ಕೆ ಗೆಳೆಯ ಗಣೇಶ ಒಂದು ಆಟ ಹಾಕಿಕೊಟ್ಟಿದ್ದ.

ಸಾವಿರಾರು ವರ್ಷಗಳ ಹಿಂದಿನ ರೋಮಿನವರ ಒಂದು ಸಣ್ಣ ಊರಿನ ಆಟ ಅದು. ಊರೆಲ್ಲ ಪರದೆಯ ಮೇಲೆ ಒಂದೇ ಸಾಲಿನಲ್ಲಿ, ರಸ್ತೆಯ ಈಚೆ ನಿಂತು ನೋಡಿದ ಹಾಗೆ ಕಾಣುತ್ತದೆ. ಎಡಕ್ಕೆ ಸರಿಸಿದರೆ ನೀರಿಗೆ ಚಾಚಿದ ಕಟ್ಟೆ, ಆಮೇಲೆ ಸಮುದ್ರ, ಅಲ್ಲಿಗೆ ಚಿತ್ರ ಮುಗಿಯಿತು. ಬಲಕ್ಕೆ ಸರಿಸುತ್ತ ಹೋದರೆ ಗದ್ದೆ, ಗದ್ದೆಯಾಚೆ ಕಾಡು. ಹಗಲು ಹೊತ್ತು ಜನರನ್ನು ಕೆಲಸಕ್ಕೆ ಹಚ್ಚಬೇಕು. ಒಬ್ಬ ಮರ ಕಡಿಯುತ್ತಾನೆ, ಒಬ್ಬ ಕಲ್ಲು ಹೊರುತ್ತಾನೆ, ಒಬ್ಬ ಬಿಲ್ಲು ಹಿಡಿದು ಕಾಯುತ್ತಾನೆ, ಕಟ್ಟೆಯ ಮೇಲೆ ಒಬ್ಬ ಬಲೆ ಬೀಸುತ್ತಿರುತ್ತಾನೆ. ಕತ್ತಲಾದೊಡನೆ ಕಾಡಿನಿಂದ ಶತ್ರುಗಳು ಪಂಜು ಹಿಡಿದು ಬರುತ್ತಾರೆ. ಅಷ್ಟರೊಳಗೆ ಗೋಡೆ ಎದ್ದಿರಬೇಕು, ಕೊಂಬು ಊದಿ ಹೊರಗಿರುವವರನ್ನೆಲ್ಲ ಒಳಗೆ ಕರೆದಿರಬೇಕು. ಕೊಂಬು ಊದುವುದಕ್ಕೆ ಕೀಬೋರ್ಡಿನ ಕೆಳಸಾಲಿನ ಉದ್ದದ ಕೀಲಿ.

ಹುಡುಕಿದರೂ ಅಣ್ಣಯ್ಯನಂಥ ಆಟಗಾರ ಸಿಗಲಿಕ್ಕಿಲ್ಲ. ಬಿಲ್ಲು ಹಿಡಿದು ತೂಕಡಿಸುವವನಿಗೆ ಸೋದರಮಾವನ ಹೆಸರಿಟ್ಟಿದ್ದ. ಕೊಂಬು ಊದಿದರೂ ತಡವಾಗಿ ಓಡಿಬರುವವನಿಗೆ ನನ್ನ ಹೆಸರು. "ಹ್ವಾಯ್, ಒಳ್ಗ್ ಬನಿ ಮರಾಯ್ರೆ, ಕತ್ಲಿ ಆಯ್ತ್" ಎಂದು ಪರದೆಗೇ ಕೂಗುವನು. ಬಲೆ ಬೀಸುವವನನ್ನು ಕಂಡರೆ ಮಾತ್ರ ಅವನಿಗೆ ತಡೆಯುತ್ತಿರಲಿಲ್ಲ. "ಈ ರೋಮಿನವ್ರಿಗೆ ಬಲಿ ಬೀಸೂಕೇ ಗೊತ್ತಿಲ್ಲೆ. ಹೀಂಗ್ ಬೀಸಿರೆ ಬಂಗುಡೆ ಸಿಕ್ಕತ್ತಾ?" ಅಡುಗೆಮನೆಯಿಂದ ಅತ್ತಿಗೆಯ ಸ್ವರ ಬರುತ್ತಿತ್ತು. "ಹ್ವಾಯ್, ರೋಮಿನವ್ರ್ ಗಂಜಿ ಕೊಡ್ತ್ರಾ ಕೇಣಿ. ಇಲ್ದಿರೆ ಇಲ್ಲಿಗ್ ಬನಿ."

ಅವನು ಸೋಲುತ್ತಿದ್ದದ್ದೂ ಒಂದೇ ಕಾರಣಕ್ಕೆ. ಸಿಕ್ಕಿದ ಕಲ್ಲನ್ನೆಲ್ಲ ಒಯ್ದು ಎಡಗಡೆ, ಸಮುದ್ರದ ಬದಿಗೆ ಗೋಡೆ ಕಟ್ಟುವನು. ಕಾಡಿನ ಬದಿಯ ಬೇಲಿ ಹಾಗೇ ಇರುತ್ತಿತ್ತು. ಶತ್ರುಗಳು ಅಲ್ಲಿಂದ ನುಗ್ಗಿ ಊರಿಗೆ ಬೆಂಕಿ ಹಚ್ಚುತ್ತಿದ್ದರು. "ಸಮುದ್ರದ ಬದಿಯಿಂದ ಯಾರೂ ಬತ್ತಿಲ್ಲೆ ಅಣ್ಣಯ್ಯ, ಈ ಆಟದಲ್ಲಿ ಅದಿಲ್ಲೆ" ಎಂದು ಎಷ್ಟು ಸಲ ಹೇಳಿದೆನೋ. ಪ್ರತಿ ಮಳೆಗಾಲ ಹಿತ್ತಿಲಿನ ಒಂದೊಂದು ತೆಂಗಿನಮರ ಕಡಲಿಗೆ ಹೋಗುವುದನ್ನು ನೋಡಿಕೊಂಡೇ ಬೆಳೆದವನಿಗೆ ಅದನ್ನು ಒಪ್ಪಿಸುವುದು ಹೇಗೆ? "ನಿಂಗೆ ಗೊತ್ತಿಲ್ಲೆ, ಸುಮ್ನಿರ್" ಎಂದು ಮತ್ತೆರಡು ಕಲ್ಲು ಅಲ್ಲಿಗೇ ಹಾಕಿಸುವನು. ಆ ಗೋಡೆಗೆ ಒಂದು ಬಾಗಿಲನ್ನೂ ಇಡಿಸಿದ್ದ. ಬಲೆಗಾರ ಕಟ್ಟೆಗೆ ಹೋಗಿಬರಬೇಕಲ್ಲ.

ಆ ವರ್ಷ, ಇನ್ನೇನು ಮಳೆಗಾಲಕ್ಕೆ ದೋಣಿಗಳನ್ನು ಮೇಲೆ ಎಳೆಯಬೇಕು ಎನ್ನುವಾಗ, ಒಂದು ಬೆಳಿಗ್ಗೆ ಗಾಳಿ ಎದ್ದು ಅಣ್ಣಯ್ಯನಿದ್ದ ದೋಣಿ ಮಗುಚಿತು. ಜೊತೆಯವರನ್ನು ಇನ್ನೊಂದು ದೋಣಿಯವರು ಎತ್ತಿಕೊಂಡರು. ಅಣ್ಣಯ್ಯ ಸಿಗಲಿಲ್ಲ. ಬೈಂದೂರಿನ ತನಕ ದಡದುದ್ದಕ್ಕೂ ಹುಡುಕಿದೆವು. ಅಷ್ಟರಲ್ಲಿ ಮಳೆ ಹಿಡಿಯಿತು, ಕಡಲು ಕೆಟ್ಟಿತು, ಹುಡುಕುವವರು ಒಬ್ಬೊಬ್ಬರಾಗಿ ಮನೆಗೆ ಮರಳಿದರು.

ಸತ್ತವರಿಗೆ ಮಾಡುವ ಕ್ರಿಯೆಗೆ ನಮ್ಮಲ್ಲಿ ಬೊಜ್ಜ ಎನ್ನುತ್ತಾರೆ. ಹೆಣ ಸಿಗದಿದ್ದರೆ ದರ್ಭೆಯಲ್ಲಿ ಮನುಷ್ಯನ ರೂಪ ಮಾಡಿ, ಅದನ್ನು ಸುಟ್ಟು, ಮುಂದಿನದ್ದನ್ನು ಮಾಡುವುದುಂಟು. ಅಮ್ಮ ಅದನ್ನೇ ಹೇಳುತ್ತಿದ್ದಳು. "ಅಂವ್ನಿಗ್ ಒಂದ್ ಮುಷ್ಟಿ ಅನ್ನ ಇಡ್ದೆ ಎಷ್ಟ್ ದಿನ ಹಸ್ದ್ ನಿಲ್ಸುದ್?" ಅತ್ತಿಗೆ ಒಪ್ಪಲಿಲ್ಲ. "ಹೆಣ ಕಂಡವ್ರ್ ಯಾರತ್ತೆ? ಬದ್ಕಿಪ್ಪವ್ರನ್ನ ನಾನೇ ಸುಡೂದಾ?" ಇಬ್ಬರೂ ಅವನಿಗಾಗಿಯೇ ಅಳುತ್ತಿದ್ದರು. ಒಬ್ಬರ ಅಳು ಇನ್ನೊಬ್ಬರಿಗೆ ಚುಚ್ಚುತ್ತಿತ್ತು.

ದಿನಾ ದೀಪ ಹಚ್ಚುವ ಹೊತ್ತಿಗೆ ಅತ್ತಿಗೆ ಹಿತ್ತಿಲು ದಾಟಿ, ಕಡಲು ಕೊರೆಯದಂತೆ ದಡಕ್ಕೆ ಹಾಕಿದ ಕಲ್ಲುಗಳ ಮೇಲೆ ನಿಂತು ಕರೆಯುತ್ತಿದ್ದರು. ಗಂಡನ ಹೆಸರು ಹಿಡಿದು ಕರೆಯುವ ರೂಢಿ ಅವರಿಗಿರಲಿಲ್ಲ. "ಹ್ವಾಯ್" ಅಷ್ಟೇ. ಗಂಜಿಗೆ ಕರೆಯುತ್ತಿದ್ದ ಅದೇ ಸ್ವರ. ಮನೆಯೊಳಗೆ ಕೂತ ನಮಗೆ ಅದು ಕೇಳುತ್ತಿತ್ತು. ಅಮ್ಮ ಕಿವಿಗೆ ಸೆರಗು ಒತ್ತಿಕೊಳ್ಳುತ್ತಿದ್ದಳು. ಅತ್ತಿಗೆಗೆ ಊಟ ಸೇರುತ್ತಿರಲಿಲ್ಲ, ಮಳೆಯಲ್ಲಿ ನೆನೆದು ಕೆಮ್ಮು ಹಿಡಿದಿತ್ತು. ಒಂದು ಸಂಜೆ ಅವರು ಕಲ್ಲಿನಿಂದ ಕೆಳಗಿಳಿದು ನೀರಿಗೆ ಕಾಲಿಟ್ಟದ್ದನ್ನು ಪಕ್ಕದ ಮನೆಯ ಲಚ್ಚಕ್ಕ ಕಂಡು, ರಟ್ಟೆ ಹಿಡಿದು ಕರೆತಂದರು. ಅಂದಿನಿಂದ ಲಚ್ಚಕ್ಕ ದಿನಾ ಸ್ವಲ್ಪ ದೂರದಲ್ಲಿ ನಿಂತು ಕಾಯುತ್ತಿದ್ದರು. ಈ ಕರೆಯುವುದು ನಿಲ್ಲದಿದ್ದರೆ ಅತ್ತಿಗೆಯೂ ನಮಗೆ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಒಂದು ಭಾನುವಾರ. ಮರುದಿನ ನೆಂಟರು, ಪುರೋಹಿತರು ಬಂದು ಬೊಜ್ಜದ ಮಾತಾಡುವವರಿದ್ದರು. ಮಧ್ಯಾಹ್ನದ ಮಳೆ ನಿಂತು ಆಕಾಶ ಕೆಂಪಗಾಗಿತ್ತು. ಅತ್ತಿಗೆ ಕಡಲಿನತ್ತ ಹೋದರು. ಅಮ್ಮ ಒಳಗೆ ಮಲಗಿದ್ದಳು. ಆ ಕರೆ ಕಿವಿಗೆ ಬೀಳಬಾರದು ಎಂದುಕೊಂಡು ನಾನು ಕಂಪ್ಯೂಟರ್ ಹಾಕಿದೆ. ಅಷ್ಟು ದಿನ ಮುಟ್ಟಿರದಿದ್ದ ಆಟವನ್ನು ತೆರೆದೆ.

ಅಣ್ಣಯ್ಯ ಬಿಟ್ಟುಹೋದ ಊರು ಬಿಟ್ಟ ಹಾಗೇ ಇತ್ತು. ಎಡಗಡೆ ಅವನ ಗೋಡೆ, ನಾನು ಹಿಂದೆ ನೋಡಿದ್ದಕ್ಕಿಂತ ಎತ್ತರವಾಗಿತ್ತು. ಕಟ್ಟೆಯ ಮೇಲೆ ಬಲೆಗಾರ ಬಲೆ ಬೀಸುತ್ತಿದ್ದ. ಆಟದಲ್ಲೂ ಸೂರ್ಯ ಇಳಿಯುತ್ತಿದ್ದ. ಕೊಂಬು ಊದಿದೆ. ಮರ ಕಡಿಯುವವರು ಕೊಡಲಿ ಹೊತ್ತು ಓಡಿ ಬಂದರು, ಗದ್ದೆಯವರು ಬಂದರು, ತಡವಾಗಿ ಬರುವ ನನ್ನ ಹೆಸರಿನವನೂ ಬಂದ. ಬಲೆಗಾರನೂ ಎಂದಿನಂತೆ ಬಾಗಿಲಿನತ್ತ ತಿರುಗಬೇಕಿತ್ತು. ತಿರುಗಲಿಲ್ಲ. ಬಲೆಯನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡ. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಆ ಆಟದಲ್ಲಿ ಬಲೆಗಾರನಿಗೆ ಬಲೆ ಬೀಸುವುದು, ಎಳೆಯುವುದು, ಓಡುವುದು ಬಿಟ್ಟರೆ ಬೇರೆ ಚಲನೆಯನ್ನು ನಾನು ಯಾವತ್ತೂ ಕಂಡಿರಲಿಲ್ಲ. ಹೆಗಲ ಮೇಲೆ ಬಲೆ ಹಾಕಿಕೊಂಡವನು ಕಡಲಿನ ಕಡೆ ಮುಖ ಮಾಡಿ ನಡೆಯತೊಡಗಿದ. ಅವಸರ ಇಲ್ಲ, ಹೆದರಿಕೆ ಇಲ್ಲ, ದಿನದ ಕೆಲಸಕ್ಕೆ ಹೊರಟವರ ನಡಿಗೆ.

ಮತ್ತೆ ಕೀಲಿ ಒತ್ತಿದೆ. ಕೊಂಬಿನ ಸದ್ದು ಬರಲಿಲ್ಲ. ಆಟದ ಬೇರೆ ಸದ್ದುಗಳೆಲ್ಲ ಇದ್ದವು, ಬೆಂಕಿ ಚಟಪಟಗುಟ್ಟುವುದು, ನಾಯಿ ಬೊಗಳುವುದು. ಮೂರನೆಯ ಸಲ ಜೋರಾಗಿ ಒತ್ತಿದೆ. ಇಲ್ಲ. ಅವನು ಕಟ್ಟೆಯ ತುದಿ ದಾಟಿ, ನೀರಿನ ಮೇಲೆಯೇ ಹೆಜ್ಜೆಯಿಟ್ಟು, ಚಿತ್ರ ಮುಗಿಯುವಲ್ಲಿಂದ ಆಚೆ ಹೋಗಿಬಿಟ್ಟ. ಅದೇ ಕ್ಷಣಕ್ಕೆ ನಮ್ಮ ಹಂಚಿನ ಮೇಲೆ ಪಟಪಟನೆ ಮಳೆ ಬಿತ್ತು. ಆಗ ನನಗೆ ಹೊಳೆಯಿತು, ಹೊರಗಿನಿಂದ ಅತ್ತಿಗೆಯ ಕರೆ ಈ ಹೊತ್ತಿನವರೆಗೂ ಕೇಳಿಲ್ಲ.

ಎದ್ದು ಹಿತ್ತಿಲಿಗೆ ಓಡಿದೆ. ಅತ್ತಿಗೆ ಲಚ್ಚಕ್ಕನ ಜೊತೆ ಎದುರಿಗೇ ಬರುತ್ತಿದ್ದರು. ಮೈಯೆಲ್ಲ ಒದ್ದೆ. ನನ್ನನ್ನು ದಾಟಿ ಒಳಗೆ ಹೋಗಿ ಅಮ್ಮನ ಹಾಸಿಗೆಯ ಬದಿ ಕೂತರು. "ಅತ್ತೆ, ನಾಳೆ ಅವ್ರೆಲ್ಲ ಬಂದ್ರೆ ಹೇಳಿ. ಬೊಜ್ಜ ಮಾಡುವ" ಎಂದರು. ಅಮ್ಮ ಅವರನ್ನು ತಬ್ಬಿಕೊಂಡು ಅತ್ತಳು. ಅಂದು ರಾತ್ರಿ ಇಬ್ಬರೂ ಒಟ್ಟಿಗೆ ಕೂತು ಒಂದಿಷ್ಟು ಗಂಜಿ ಉಂಡರು.

ಮತ್ತೆ ಆಟ ತೆರೆದಾಗ ಬಲೆಗಾರ ಕಟ್ಟೆಯ ಮೇಲೆ ತನ್ನ ಪಾಡಿಗೆ ಬಲೆ ಬೀಸುತ್ತಿದ್ದ. ಕೊಂಬು ಊದಿದರೆ ವಿಧೇಯನಾಗಿ ಓಡಿ ಒಳಗೆ ಬರುತ್ತಿದ್ದ. ಎಷ್ಟು ಸಂಜೆ ಕೂತು ನೋಡಿದರೂ ಅಷ್ಟೇ. ಗಣೇಶನಿಗೆ ಹೇಳಿದೆ. "ಹಳೇ ಕೀಬೋರ್ಡ್ ಮರಾಯ, ಮಳೆಗಾಲದ ಥಂಡಿ. ಆಟದಲ್ಲೂ ಎಂತದೋ ಎಡವಟ್ಟ್ ಇಪ್ಪುಕೂ ಸಾಕ್" ಎಂದ. ಅವನು ಹೇಳಿದ್ದು ಸರಿ ಇರಬಹುದು. ನಾನೂ ಇನ್ನೊಬ್ಬರಿಗೆ ಅದನ್ನೇ ಹೇಳುತ್ತಿದ್ದೆ.

ಕೆಲವು ವರ್ಷ ಕಳೆಯಿತು. ಅತ್ತಿಗೆ ಮೀನು ವ್ಯಾಪಾರಕ್ಕೆ ನಿಂತರು, ಬುಟ್ಟಿ ಹಿಡಿದು ಬೈಂದೂರಿನ ಬಸ್ಸು ಹತ್ತುವಷ್ಟು ಗಟ್ಟಿಯಾದರು. ಒಂದು ದಿನ ಅವರು ಹಿತ್ತಿಲಿನಲ್ಲಿ ಮೆಟ್ಟುಕತ್ತಿಯ ಮುಂದೆ ಕೂತು ಮೀನು ಕೊಯ್ಯುತ್ತಿದ್ದಾಗ, ಆ ದಿನ ಒಮ್ಮೆಗೇ ಮನಸ್ಸು ಬದಲಾದದ್ದು ಹೇಗೆ ಎಂದು ಕೇಳಿದೆ. ಅದುವರೆಗೆ ಕೇಳುವ ಧೈರ್ಯ ಬಂದಿರಲಿಲ್ಲ.

ಅತ್ತಿಗೆ ಕೈ ನಿಲ್ಲಿಸದೆ ಹೇಳಿದರು. "ಕರೂಕಂದೇ ಹೋದದ್ದ್ ನಾನ್. ಬಾಯಿ ತೆಗ್ದೆ, ಸ್ವರ ಬರ್ಲಿಲ್ಲ. ಮತ್ತೂ ಕರ್ದೆ, ಆಗ್ಳೂ ಬರ್ಲಿಲ್ಲ. ಆಗ ನಂಗೆ ಹೀಂಗ್ ಕಂಡಿತ್, ಅವ್ರ್ ಇಲ್ಲೇ ನನ್ನ ಎದ್ರಿಂದ ಕೆಲ್ಸಕ್ ಹೊರಟ್ ಹೋತಾ ಇದ್ರ್ ಅಂದೇಳಿ. ಕಡ್ಲಿಗ್ ಹೋಪವ್ರನ್ನ ಹಿಂದಿಂದ ಕರೂಕಾಗ ಅಲ್ದಾ? ಸುಮ್ನೆ ನಿಂತೆ. ಅಷ್ಟೊತ್ತಿಗೆ ಮಳೆ ಬಂತ್."

ಕಡಲಿಗೆ ಹೊರಟವರನ್ನು ಹಿಂದಿನಿಂದ ಕರೆಯಬಾರದು ಎನ್ನುವುದು ನಮ್ಮಲ್ಲಿ ಎಲ್ಲರೂ ಪಾಲಿಸುವ ಮಾತು. ಆಟದ ಸಂಗತಿಯನ್ನು ನಾನು ಅತ್ತಿಗೆಗೆ ಯಾವತ್ತೂ ಹೇಳಿರಲಿಲ್ಲ. ಆಗ ಹೇಳಿದೆ. ಗೋಡೆ, ಬಾಗಿಲು, ಹೆಗಲ ಮೇಲಿನ ಬಲೆ, ಸದ್ದು ಹೊರಡದ ಕೊಂಬು, ಹಂಚಿನ ಮೇಲೆ ಬಿದ್ದ ಮಳೆ, ಒಂದನ್ನೂ ಬಿಡದೆ ಹೇಳಿದೆ. ಅವರ ಕೈ ನಿಂತಿತ್ತು. ಬೈಯುತ್ತಾರೋ, ಅಳುತ್ತಾರೋ ಎಂದು ನಾನು ಕಾದೆ.

"ಅವ್ರ್ ತಿರ್ಗಿ ಕಂಡ್ರಾ?" ಎಂದು ಕೇಳಿದರು.

ಪರದೆಯ ಮೇಲಿನ ಆ ಬಲೆಗಾರ ನನ್ನ ಉಗುರಿನಷ್ಟು ಇದ್ದ. ಮುಖವೆಂದರೆ ಎರಡು ಚುಕ್ಕೆ. ಆದರೂ ಅವನು ತಿರುಗಿ ನೋಡಿದ್ದರೆ ನನಗೆ ಗೊತ್ತಾಗುತ್ತಿತ್ತು.

"ಇಲ್ಲೆ ಅತ್ತಿಗೆ."

"ಹಾಂ" ಎಂದರು. ಬುಟ್ಟಿಯಿಂದ ಇನ್ನೊಂದು ಮೀನು ತೆಗೆದುಕೊಂಡರು. "ಹೊರಟ್ರೆ ತಿರ್ಗಿ ಕಾಂಬ ಜನ ಅಲ್ಲ ಅವ್ರ್."

ನಾನು ಅಲ್ಲೇ ಕಲ್ಲಿನ ಮೇಲೆ ಕೂತಿದ್ದೆ. ಕೀಲಿ ಕೆಟ್ಟಿತ್ತು ಎನ್ನಿ, ಒಪ್ಪುತ್ತೇನೆ. ಅತ್ತು ಅತ್ತು ಅತ್ತಿಗೆಯ ಗಂಟಲು ಕಟ್ಟಿತ್ತು ಎನ್ನಿ, ಅದನ್ನೂ ಒಪ್ಪುತ್ತೇನೆ. ಎರಡೂ ಒಂದೇ ಮಳೆಯ ಮೊದಲ ಹನಿಗೆ ಸರಿಯಾಗಿ ಆದದ್ದು ಹೇಗೆ ಎಂದು ಮಾತ್ರ ಇವತ್ತಿಗೂ ನನಗೆ ತಿಳಿದಿಲ್ಲ. ಇನ್ನೊಂದು ಪ್ರಶ್ನೆಯೂ ಇದೆ. ಅದನ್ನು ಅತ್ತಿಗೆಯ ಮುಂದೆ ಆಡಿಲ್ಲ, ಅವರೂ ನನ್ನ ಮುಂದೆ ಆಡಿಲ್ಲ. ಆ ಸಂಜೆ ಹೊರಟವನಿಗೆ ನಮ್ಮಿಬ್ಬರಲ್ಲಿ ಒಬ್ಬರ ಕರೆಯಾದರೂ ಕೇಳಿಸಿದ್ದರೆ, ಅಣ್ಣಯ್ಯ ನಿಲ್ಲುತ್ತಿದ್ದನೇ?