ಸುಟ್ಟ ಬೋರ್ಡುಗಳ ಮಾಲೆ

ಕೊಟ್ಟೂರಿನಲ್ಲಿ ನನ್ನ ಪಂಪ್‌ಸೆಟ್ ಅಂಗಡಿಯ ಎದುರಿಗೇ ಹಾಲಸ್ವಾಮಿ ಮೇಷ್ಟ್ರ ಎಲೆಕ್ಟ್ರಾನಿಕ್ಸ್ ತರಗತಿ. ಬೇರೆಯವರು ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರೆ ಇವರು ಸುಟ್ಟುಹೋದ ಸರ್ಕ್ಯೂಟ್ ಬೋರ್ಡುಗಳ ಮಾಲೆ ಕಟ್ಟಿದ್ದಾರೆ. ಒಂದೊಂದರ ಮೇಲೂ 'ಹಾಲಸ್ವಾಮಿ ಸುಟ್ಟಿದ್ದು' ಎಂಬ ಬರಹ. "ಸುಡೋದ್ರಾಗ ನೀವು ಭಾರಿ ಹುಷಾರ್ ಅದೀರಿ ಮೇಷ್ಟ್ರ" ಎಂದು ನಾನು ಕೆಣಕಿದರೆ, "ಹೌದ್ರಿ ಸಾವುಕಾರ್ರ, ಕೈ ಪಳಗೈತಿ" ಎಂದು ನಗುತ್ತಾರೆ. ಇಂಥ ಜಾಹೀರಾತಿಗೂ ಜನ ಬರುತ್ತಾರೆ. ಡಿಗ್ರಿಯಲ್ಲಿ ಕಂಪ್ಯೂಟರಿನ ಸಿ ಭಾಷೆ ಕಲಿತು, ತಂತಿ ಕಂಡರೆ ಬೆವರುವವರೆಲ್ಲ ಬರುತ್ತಾರೆ. "ಸಿ ಬರ್ತೈತಲ್ಲ? ಸಾಕು ಬಿಡ್ರಿ" ಎನ್ನುತ್ತ ಮೇಷ್ಟ್ರು ಸಾವಿರ ಪುಟದ ಚಿಪ್ ಕೈಪಿಡಿಯ ಮೇಲೆ ಚಹಾದ ಲೋಟ ಇಡುತ್ತಾರೆ. ಅದನ್ನೆಲ್ಲ ತಾವೇ ಓದಿ ಅರಗಿಸಿ, 'ವಾಲ್ವ್ ತೆರೆ', 'ವಾಲ್ವ್ ಮುಚ್ಚು' ಎಂಬಷ್ಟು ಸರಳವಾದ ಫಂಕ್ಷನ್ನುಗಳನ್ನು, ಅಂದರೆ ಸಿದ್ಧ ಆಜ್ಞೆಗಳನ್ನು, ಬರೆದಿಟ್ಟಿದ್ದಾರೆ. ಕಲಿಯುವವರು ಅವನ್ನು ಬಳಸಿದರಾಯಿತು. ಮೊನ್ನೆ ಹಿರೇಹಡಗಲಿಯ ಶಾಂಭವಿ, ಮಲ್ಲಿಗೆ ತೋಟಕ್ಕೆ ತಾನಾಗಿ ನೀರು ಬಿಡುವ ಬೋರ್ಡು ಮಾಡಲು ಬಂದವಳು, ಐದು ವೋಲ್ಟಿನ ಜಾಗಕ್ಕೆ ಹನ್ನೆರಡು ವೋಲ್ಟ್ ಕೊಟ್ಟಳು. ಹೊಗೆ ನನ್ನ ಅಂಗಡಿಗೂ ಬಂತು. "ನನ್ ಕೈಲಿ ಆಗಲ್ರಿ ಸಾರ್, ನಾ ಊರಿಗೆ ಹೊಕ್ಕೀನಿ" ಎಂದು ಚೀಲ ಎತ್ತಿಕೊಂಡಳು. "ಕುಂದ್ರವ್ವ. ನೀ ಬರ್ದ ಕೋಡಿನಾಗ ಒಂದ್ ತಪ್ಪಿಲ್ಲ. ಬೇರೆ ಬೋರ್ಡ್ ತಗೋ" ಎಂದ ಮೇಷ್ಟ್ರು, ಸುಟ್ಟಿದ್ದನ್ನು ಒರೆಸಿ, ಅದರ ಮೇಲೂ 'ಹಾಲಸ್ವಾಮಿ ಸುಟ್ಟಿದ್ದು' ಎಂದು ಬರೆದು ಮಾಲೆಗೆ ಪೋಣಿಸಿದರು. ಶಾಂಭವಿ ಆ ಉದ್ದನೆಯ ಮಾಲೆಯನ್ನು ತುದಿಯಿಂದ ತುದಿಯವರೆಗೆ ನೋಡಿದಳು. ನಾನೂ ನೋಡಿದೆ. ಆಮೇಲೆ ಅವಳು ಚೀಲ ಕೆಳಗಿಟ್ಟು, ಹೊಸ ಬೋರ್ಡಿಗೆ ತಂತಿ ಜೋಡಿಸತೊಡಗಿದಳು.