ಒರೆಸಿದ ಬೀಗ

ನನ್ನ ಮದುವೆ ಫೋಟೋದಲ್ಲಿ ನನ್ನ ಗಲ್ಲದ ಮಚ್ಚೆ ಇಲ್ಲ. ನಮ್ಮನೆಯವರು ಒರೆಸಿಬಿಟ್ಟಿದ್ದಾರೆ. "ಅದು ಅಲ್ಲೇ ಇದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಅಂತ ಎಷ್ಟೋ ಸಲ ರೇಗಿದ್ದೇನೆ. ನಗುತ್ತಿದ್ದರು. ಪತ್ರಿಕೆಯಲ್ಲಿ ಅವರ ಕೆಲಸವೇ ಅದು, ಅಚ್ಚಿಗೆ ಹೋಗುವ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಚೊಕ್ಕ ಮಾಡುವುದು. ಅಡ್ಡ ಬಂದ ತಂತಿ, ಯಾರದೋ ಮೊಣಕೈ, ಮುಖದ ಪಕ್ಕ ಮಿಂಚುವ ಏನೇ ಇರಲಿ, ಮಾಯ. ನೋಡುವವರ ಕಣ್ಣು ಮುಖದಿಂದ ಆಚೆ ಹೋಗಬಾರದು ಎನ್ನುವುದು ಆ ಕಚೇರಿಯ ರೂಢಿ. ಅದನ್ನು ಯಾರೂ ಸುಳ್ಳು ಅಂತ ಕರೆದಿರಲಿಲ್ಲ.

ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದ ದಿನ ಬಂದ ಫೋಟೋದಲ್ಲಿ, ಮುಚ್ಚಿದ ಗೇಟಿನ ಮುಂದೆ ಒಬ್ಬ ತಾಯಿ ಅಳುತ್ತಿದ್ದಳು. ಅವಳ ಕಿವಿಯ ಪಕ್ಕದಲ್ಲೇ ಗೇಟಿನ ಬೀಗ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಕಣ್ಣಿಗೆ ಹೊಡೆಯುತ್ತದೆ ಅಂತ ಇವರು ಒರೆಸಿದರು. ಒಳಗೆ ಸತ್ತವರಲ್ಲಿ ತಮ್ಮ ತಂಗಿಯ ಗಂಡನೂ ಇದ್ದಾನೆ ಅನ್ನುವುದು ಮನೆಗೆ ಬಂದ ಮೇಲೆ ಗೊತ್ತಾಯಿತು.

ವಿಚಾರಣೆಯಲ್ಲಿ ಮಾಲೀಕ ಏನಂದ ಗೊತ್ತೇ? ಗೇಟಿಗೆ ಬೀಗ ಹಾಕಿರಲೇ ಇಲ್ಲವಂತೆ, ಕೆಲಸದವರು ಕುಡಿದು ಮಲಗಿದ್ದರಂತೆ. ಸಾಕ್ಷಿಗೆ ನಮ್ಮವರ ಪತ್ರಿಕೆಯನ್ನೇ ಎತ್ತಿ ತೋರಿಸಿದ. ನಿಜವಾದ ಬೀಗ ಬೆಂಕಿ ಬಿದ್ದ ಸಂಜೆಯೇ ಕಾಣೆಯಾಗಿತ್ತು. ಬೀಗ ಕಣ್ಣಾರೆ ಕಂಡ ತಾಯಂದಿರ ಮಾತನ್ನು ಸಂಕಟದ ಮಾತು ಅಂತ ತಳ್ಳಿಹಾಕಿದರು. ಒಂದು ತೊಟ್ಟೂ ಮುಟ್ಟದ ಮನುಷ್ಯ ನನ್ನ ನಾದಿನಿಯ ಗಂಡ. ಅವನು ಕುಡಿದು ಸತ್ತದ್ದಲ್ಲ, ಕೂಡಿಹಾಕಿದ್ದರಿಂದ ಸತ್ತ ಅಂತ ಬರೆಸಿಕೊಂಡರೆ ಸಾಕಾಗಿತ್ತು ಅವಳಿಗೆ.

ಇವರು ಒರೆಸುವ ಮುಂಚಿನ ಮೂಲ ಫೋಟೋ ಹಿಡಿದುಕೊಂಡು ವಿಚಾರಣೆಗೆ ಹೋದರು. ಕ್ಯಾಮೆರಾದ ಕಾರ್ಡನ್ನು ಫೋಟೋಗ್ರಾಫರ್ ಅಷ್ಟರಲ್ಲಿ ಅಳಿಸಿ ಮತ್ತೆ ಬಳಸಿಯಾಗಿತ್ತು. ಉಳಿದದ್ದು ಇವರ ಕಂಪ್ಯೂಟರಿನಲ್ಲಿದ್ದ ಪ್ರತಿ ಮಾತ್ರ.

ಮಾಲೀಕನ ವಕೀಲ ಮೆತ್ತಗೆ ಕೇಳಿದ, "ಫೋಟೋದಿಂದ ಬೀಗ ತೆಗೆಯೋಕೆ ನಿಮಗೆ ಬರುತ್ತೆ. ಹಾಕೋಕೂ ಬರುತ್ತಲ್ವಾ?"

"ಬರುತ್ತೆ," ಅಂದರು ಇವರು.

"ಸತ್ತವನು ನಿಮಗೆ ಏನಾಗಬೇಕು?"

"ತಂಗಿ ಗಂಡ."

"ಅಷ್ಟೇ ಸ್ವಾಮಿ," ಅಂತ ವಕೀಲ ಕೂತುಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವನ ಬಾಯಿ ಮುಚ್ಚಿಸಲು ನಮ್ಮ ಹತ್ತಿರ ಏನಿತ್ತು?

ಮಾರನೇ ದಿನ ಪತ್ರಿಕೆ ಬೀಗವಿದ್ದ ಫೋಟೋ ಹಾಕಿ, ತಪ್ಪಾಯಿತು ಅಂತ ಬರೆಯಿತು. ಬಸ್ಸಿನಲ್ಲಿ ನನ್ನ ಮುಂದೆ ಕೂತವನು ಅದನ್ನು ನೋಡಿ ನಕ್ಕ. "ಆವತ್ತು ಇರಲಿಲ್ಲ, ಇವತ್ತು ಇದೆ. ನಾಳೆ ಅಲ್ಲೇ ಒಂದು ಆನೆ ನಿಲ್ಲಿಸ್ತಾರೆ ಬಿಡಿ."

ಆ ಸಂಜೆ ನಾದಿನಿ ಬಂದಳು, ಗಂಡನ ಕಟ್ಟು ಹಾಕಿಸಿದ ಫೋಟೋ ಸಮೇತ. ಅದನ್ನು ದೊಡ್ಡದು ಮಾಡಿಕೊಟ್ಟವರು ಇವರೇ.

"ಅಣ್ಣ, ನನ್ನ ಹತ್ರಾನಾದ್ರೂ ನಿಜ ಹೇಳು. ಬೀಗ ಇತ್ತಾ?"

"ಇತ್ತಮ್ಮ. ನಿನ್ನಾಣೆ ಇತ್ತು."

ಅವಳು ಫೋಟೋ ಮೇಜಿನ ಮೇಲಿಟ್ಟಳು. "ಇದರಲ್ಲಿ ಏನು ಒರೆಸಿದೀಯ?"

ಇವರು ತಲೆ ತಗ್ಗಿಸಿದರು. "ಹುಬ್ಬಿನ ಮೇಲಿನ ಗಾಯದ ಗುರುತು."

"ದಿನಾ ನೋಡ್ತೀನಿ," ಅಂದಳು. "ಇವರು ಅವರಲ್ಲ ಅನ್ನಿಸ್ತಿತ್ತು. ಯಾಕೆ ಅಂತ ಗೊತ್ತಾಗ್ತಿರಲಿಲ್ಲ."

ನಾನು ಒಳಗಿನಿಂದ ನೀರು ತರುವಷ್ಟರಲ್ಲಿ ಹೊರಟುಹೋಗಿದ್ದಳು. ಫೋಟೋ ಇಲ್ಲೇ ಬಿಟ್ಟಿದ್ದಾಳೆ.