ಚಂದ್ರಗುತ್ತಿಯ ಮೂರನೇ ಸ್ಟೇಜು

ಮೊನ್ನೆ ಕ್ಯಾಲೆಂಡರ್ ತೂಗುಹಾಕಲೆಂದು ಅಪ್ಪ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಒಂದು ಏಟು ಬಿತ್ತು, ಎರಡು ಬಿತ್ತು. ಮೂರನೆಯದಕ್ಕೆ ನಾನು ಕೈಯಲ್ಲಿದ್ದ ಚಹಾದ ಲೋಟದ ಸಮೇತ ನೆಲಕ್ಕೆ ಕೂತುಬಿಟ್ಟೆ. ಚಹಾ ಚೆಲ್ಲಲಿಲ್ಲ ಎಂಬುದೊಂದೇ ಸಮಾಧಾನ. ಅಪ್ಪ ಸುತ್ತಿಗೆ ಹಿಡಿದುಕೊಂಡೇ ತಿರುಗಿ ನೋಡಿ, ಮಗನನ್ನು ಬಿ.ಎ. ಓದಿಸಿದ್ದು ಇದಕ್ಕೋ ಎಂಬ ಮುಖ ಮಾಡಿದರು. ನಾನು ಹೌದು ಎಂದುಕೊಂಡೆ. ನಿಜವಾಗಿ ಅದಕ್ಕೇ. ನಾನು ಬಿ.ಎ.ಯಲ್ಲಿ ಇತಿಹಾಸ ಓದದೇ ಹೋಗಿದ್ದರೆ ಗೋಡೆಯ ಮೇಲೆ ಮೂರು ಏಟು ಬಿದ್ದರೆ ಕೂರುವ ಈ ರೋಗ ನನಗೆ ಬರುತ್ತಿರಲಿಲ್ಲ.

ಇದರ ಮೂಲ ಇರುವುದು ನಮ್ಮ ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಅಲ್ಲಿ ಮಂಜಣ್ಣನಿಗೆ ಒಂದು ಸೈಕಲ್ ಶಾಪ್ ಇತ್ತು. ಜನ ಬಾಡಿಗೆ ಸೈಕಲ್ ಬಿಟ್ಟು ಸ್ವಂತದ ಮೊಪೆಡ್ ಹತ್ತಿದ ಮೇಲೆ ಅವನು ಎರಡು ಟೀವಿ, ಎರಡು ಆಟದ ಡಬ್ಬ, ಒಂದಷ್ಟು ಕ್ಯಾಸೆಟ್ ತಂದಿಟ್ಟು ವಿಡಿಯೋ ಗೇಮ್ ಅಂಗಡಿ ಮಾಡಿದ. ಗೋಡೆಗೆ ನೇತುಹಾಕಿದ್ದ ಹಳೇ ಟ್ಯೂಬುಗಳು ಹಾಗೇ ಉಳಿದಿದ್ದವು. ಗ್ರೀಸಿನ ವಾಸನೆಯೂ ಹೋಗಿರಲಿಲ್ಲ. ಅಲ್ಲಿದ್ದ ಕ್ಯಾಸೆಟ್‌ಗಳಲ್ಲಿ ಒಂದಕ್ಕೆ ಹೆಸರಿರಲಿಲ್ಲ. ಇತ್ತು, ಆದರೆ ನಮಗೆ ಓದಲು ಬರುತ್ತಿರಲಿಲ್ಲ. ಇಂಗ್ಲಿಷೂ ಅಲ್ಲದ, ಹಿಂದಿಯೂ ಅಲ್ಲದ, ಕಡ್ಡಿ ಮುರಿದು ಚೆಲ್ಲಿದಂತಹ ಅಕ್ಷರಗಳು. ನಾವು ಅದನ್ನು ಕತ್ತಿ ಆಟ ಎಂದು ಕರೆಯುತ್ತಿದ್ದೆವು.

ಓದಲು ಬಾರದ ಲಿಪಿ ಇರುವಲ್ಲಿ ಪಾಂಡಿತ್ಯ ಹುಲುಸಾಗಿ ಬೆಳೆಯುತ್ತದೆ ಎಂಬುದನ್ನು ನೀವೂ ಗಮನಿಸಿರಬಹುದು. ಆಟದ ನಾಯಕ ಯಾರು, ಯಾವ ದೇಶದವನು, ಯಾಕೆ ಹೀಗೆ ಸಿಕ್ಕಸಿಕ್ಕವರನ್ನು ಕಡಿಯುತ್ತಾನೆ ಎಂದು ತೆರೆಯ ಮೇಲೆ ಬರೆದೇ ಇದ್ದಿರಬೇಕು. ನಮಗೆ ಅದು ತಿಳಿಯದ್ದರಿಂದ ನಾನು ಒಂದು ದಿನ ಬೆಂಚಿನ ಮೇಲೆ ಕೂತು ಘೋಷಿಸಿದೆ: ಇವನು ಬೇರೆ ಯಾರೂ ಅಲ್ಲ, ನಮ್ಮ ತಾಳಗುಂದದ ಮಯೂರಶರ್ಮ.

ನಗಬೇಡಿ, ನನ್ನ ಬಳಿ ಪುರಾವೆಯಿತ್ತು. ನಾಯಕನ ತಲೆಯ ಮೇಲೆ ಜುಟ್ಟು. ಮೈಮೇಲೆ ಬಿಳಿ ಬಟ್ಟೆ. ಆಟ ಶುರುವಾದಾಗ ಅವನ ಕೈಯಲ್ಲಿ ಕತ್ತಿಯಿಲ್ಲ, ಬರೀ ಒಂದು ಕೋಲು. ಯಾವುದೋ ಗುರುಕುಲದಂಥ ಕಟ್ಟಡದ ಬಾಗಿಲಲ್ಲಿ ಒಬ್ಬ ಕುದುರೆ ಸವಾರ ಬಂದು ಅವನನ್ನು ಕೆಡವುತ್ತಾನೆ. ಆಮೇಲೆ ಇವನು ಕತ್ತಿ ಹಿಡಿದು ಕಾಡು ಸೇರುತ್ತಾನೆ. ಶಿಕಾರಿಪುರದಿಂದ ಬಸ್ಸಿನಲ್ಲಿ ಹೋದರೆ ಸಿಗುವ ತಾಳಗುಂದದಲ್ಲಿ, ದೇವಸ್ಥಾನದ ಮುಂದಿನ ಕಂಬದಲ್ಲಿ ಕೊರೆದಿರುವುದೂ ಇದೇ ಅಲ್ಲವೇ? ಓದಲೆಂದು ಕಂಚಿಗೆ ಹೋದ ಹುಡುಗ, ಅಲ್ಲಿ ಕುದುರೆಯ ವಿಷಯಕ್ಕೆ ಜಗಳ, ಅವಮಾನ, ದರ್ಭೆ ಹಿಡಿಯುತ್ತಿದ್ದ ಕೈಗೆ ಕತ್ತಿ, ಶ್ರೀಪರ್ವತದ ಕಾಡು, ಕೊನೆಗೆ ರಾಜ್ಯ. ಆ ಜಗಳ ಸವಾರನ ಜೊತೆಗೋ ಅಥವಾ ಕುದುರೆಯ ಯಾಗಕ್ಕೆ ಸಂಬಂಧಿಸಿದ್ದೋ ಎಂದು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಮಂಜಣ್ಣನ ಅಂಗಡಿಯಲ್ಲಿ ಇರಲಿಲ್ಲ. ಅಲ್ಲಿ ಸವಾರ ಕಣ್ಣಿಗೇ ಕಾಣುತ್ತಿದ್ದ.

ಆಟದಲ್ಲಿ ಬರುವ ಬೆಂಕಿ ಉಗುಳುವ ಹಲ್ಲಿಗಳು ಶಾಸನದಲ್ಲಿ ಎಲ್ಲಿವೆ ಎಂದು ಯಾರೋ ಕೇಳಿದರು. ಅವು ಮಯೂರಶರ್ಮ ಸೋಲಿಸಿದ ಬಾಣ ಅರಸರ ಸೈನ್ಯ ಎಂದೆ. ವಾದ ಮಾಡುವವನಿಗೆ ಒಂದು ಅನುಕೂಲವಿದೆ. ಹೊಂದುವುದೆಲ್ಲ ಪುರಾವೆ, ಹೊಂದದ್ದೆಲ್ಲ ರೂಪಕ. ಮಂಜಣ್ಣನಿಗೆ ಇದು ಎಷ್ಟು ಹಿಡಿಸಿತೆಂದರೆ, ಎರಡನೇ ಸ್ಟೇಜಿನಲ್ಲಿ ಕುಣಿದು ಬೀಗದಕೈ ಕೊಡುವ ಹೆಂಗಸು ನಮ್ಮ ಬಳ್ಳಿಗಾವಿಯ ಶಾಂತಲೆಯೇ ಎಂದು ಅವನೂ ಒಂದು ಸಂಶೋಧನೆ ಮಂಡಿಸಿದ. ಇಬ್ಬರ ನಡುವೆ ಏಳೆಂಟು ನೂರು ವರ್ಷ ಅಂತರವಿದೆ ಎಂದು ನಾನು ತಿದ್ದಲು ಹೋದೆ.

"ಏಳೆಂಟ್ ನೂರು ವರ್ಷ ಅಂದ್ರ ಏನ್ ಮಹಾ ಬಿಡ್ರಿ," ಎಂದ ಮಂಜಣ್ಣ. "ಒಂದ್ ಸ್ಟೇಜು."

ಇಷ್ಟರಲ್ಲೇ ಮುಗಿದಿದ್ದರೆ ನಾನು ಇವತ್ತು ನೆಮ್ಮದಿಯಾಗಿ ನಿಂತು ಚಹಾ ಕುಡಿಯುತ್ತಿದ್ದೆ. ಆದರೆ ನಡುವೆ ಸೊರಬ ಬಂತು. ಸೊರಬ ಎಂದರೆ ನನ್ನ ಅಕ್ಕ ಗಿರಿಜಕ್ಕನ ಗಂಡ, ನನ್ನ ಭಾವ. ಭತ್ತ, ಅಡಿಕೆ ವ್ಯಾಪಾರ. ದಪ್ಪ ಶರೀರ, ಬಿಳಿ ಪಂಚೆ, ಬಿಸಿಲಿರಲಿ ಮೋಡವಿರಲಿ ಕಂಕುಳಲ್ಲಿ ಒಂದು ಉದ್ದನೆ ಕೊಡೆ. ನಮ್ಮ ಮನೆಗೆ ಬಂದರೆ ಅಳಿಯನ ಗತ್ತು. ಅವರು ಕೂರುವ ತನಕ ನಾವ್ಯಾರೂ ಕೂರುವಂತಿಲ್ಲ. ಅವರೆದುರು ನನ್ನ ಮಾತೆಲ್ಲ "ಬರ್ರಿ ಭಾವ, ತಗೋಳ್ರಿ ಭಾವ" ಇಷ್ಟರಲ್ಲೇ ಮುಗಿಯುತ್ತಿತ್ತು. ಇಂಥ ಭಾವ ಒಂದು ದಿನ ಶಿಕಾರಿಪುರದ ಮಂಡಿಗೆ ಬಂದವರು ನನ್ನನ್ನು ಹುಡುಕಿಕೊಂಡು ಮಂಜಣ್ಣನ ಅಂಗಡಿಗೆ ಕಾಲಿಟ್ಟರು, ಆಟದ ಹ್ಯಾಂಡಲ್ ಹಿಡಿದರು, ಕೆಟ್ಟರು. ಆಮೇಲೆ ಅವರಿಗೆ ಶಿಕಾರಿಪುರದ ಮಂಡಿಯಲ್ಲಿ ವಾರವಾರವೂ ಕೆಲಸ ಬೀಳತೊಡಗಿತು. ಅಕ್ಕ ಅದನ್ನು ವ್ಯಾಪಾರ ಎಂದೇ ತಿಳಿದಿದ್ದಳು.

ಅಂಗಡಿಯಲ್ಲೊಂದು ಪದ್ಧತಿಯಿತ್ತು. ಆಡುವವನು ಒಬ್ಬ, ಅವನ ಬೆನ್ನ ಹಿಂದೆ ನಿಂತು ಕೂಗುವವನು ಇನ್ನೊಬ್ಬ. ಆಡುವವನ ಕಣ್ಣು ಕತ್ತಿಯ ಮೇಲಿರುತ್ತದೆ, ಬರುವ ಅಪಾಯ ಕಾಣುವುದು ಹಿಂದಿನವನಿಗೇ. ಅವನು ಎಗರು ಎಂದರೆ ಎಗರಬೇಕು, ಕೂರು ಎಂದರೆ ಕೂರಬೇಕು, ಯಾಕೆ ಎಂದು ಕೇಳುವಂತಿಲ್ಲ. ಅಲ್ಲಿ ವಯಸ್ಸಿಲ್ಲ, ಬಹುವಚನವಿಲ್ಲ. "ಎಗರ್ರಿ ಭಾವ" ಎಂದು ಹೇಳಿ ಮುಗಿಸುವಷ್ಟರಲ್ಲಿ ಹಲ್ಲಿ ಅವರನ್ನು ನುಂಗಿರುತ್ತಿತ್ತು. ಒಂದೆರಡು ಸಲ ಹಾಗಾದ ಮೇಲೆ ಭಾವನೇ ನನಗೆ ಏಕವಚನದ ಪರವಾನಗಿ ಕೊಟ್ಟರು, ಅಂಗಡಿಯ ಹೊಸ್ತಿಲೊಳಗೆ ಮಾತ್ರ ಎಂಬ ಷರತ್ತಿನ ಮೇಲೆ.

ಮೂರನೇ ಸ್ಟೇಜಿನಲ್ಲಿ ಒಂದು ಬೆಟ್ಟ, ಬೆಟ್ಟದ ಮೇಲೆ ಕೋಟೆ, ಕೋಟೆಯೊಳಗೆ ಕೊಳ. ಕೊಳದ ಎಡಗಡೆಯ ಗೋಡೆಗೆ ಕತ್ತಿಯಿಂದ ಮೂರು ಏಟು ಹೊಡೆದರೆ ಗುಪ್ತ ಬಾಗಿಲು ತೆರೆಯುತ್ತದೆ. ತೆರೆದ ಕೂಡಲೇ ಒಳಗಿಂದ ಕರಿಹಕ್ಕಿಗಳ ಹಿಂಡು ನುಗ್ಗಿ ಬರುತ್ತದೆ. ಆಗ ಓಡಿದರೆ ಸಾವು. ಹ್ಯಾಂಡಲ್ ಕೆಳಗೆಳೆದು, ನಾಯಕನನ್ನು ಕೂರಿಸಿ, ಹಕ್ಕಿಗಳು ಹೋಗುವ ತನಕ ಅಲ್ಲಾಡಬಾರದು. ಭಾವ ಆ ಕೋಟೆಯನ್ನು ನೋಡಿದವರೇ ಹ್ಯಾಂಡಲ್ ಬಿಟ್ಟು ಹೇಳಿದರು, ಇದು ಚಂದ್ರಗುತ್ತಿ. ಕದಂಬರ ಕೋಟೆ, ಸೊರಬ ತಾಲೂಕು. ಅಂದಮೇಲೆ ನಾಯಕನೂ ಸೊರಬದವನೇ.

ಹುಟ್ಟಿದ್ದು ತಾಳಗುಂದದಲ್ಲಿ, ತಾಳಗುಂದ ಶಿಕಾರಿಪುರ ತಾಲೂಕು ಎಂದು ನಾನು ವಾದಿಸಿದೆ.

"ಹುಟ್ಟೋದು ಎಲ್ಲಾದ್ರೂ ಹುಟ್ತಾರೆ ಮಾರಾಯ," ಎಂದರು ಭಾವ. "ಕೋಟೆ ಇರೋದು ನಮ್ಮಲ್ಲಿ. ಮನೆ ಇಲ್ದಿರೋ ದೊರೆನ ಇಟ್ಕಂಡು ನೀವೇನ್ ಮಾಡ್ತೀರಿ?"

ಕಂಬ ದೊಡ್ಡದೋ ಕೋಟೆ ದೊಡ್ಡದೋ ಎಂಬ ಈ ಜಗಳ ಬೇಸಿಗೆಯ ತನಕ ನಡೆಯಿತು. ಕದಂಬರ ರಾಜಧಾನಿ ಬನವಾಸಿ ಈ ಎರಡೂ ತಾಲೂಕಿನಲ್ಲಿಲ್ಲ ಎಂಬುದನ್ನು ಇಬ್ಬರೂ ಜಾಣತನದಿಂದ ಎತ್ತಲಿಲ್ಲ. ಕೊನೆಗೆ ಭಾವ, ಕೊಳದ ಎಡಕ್ಕೆ ಗೋಡೆ ಇದೆಯೋ ಇಲ್ಲವೋ ಹೋಗಿ ನೋಡಿಯೇಬಿಡೋಣ ಎಂದರು. ಅಕ್ಕನಿಗೆ ಹೇಗೂ ಚಂದ್ರಗುತ್ತಿಯಲ್ಲಿ ಕಾಯಿ ಒಡೆಸುವ ಹರಕೆಯಿತ್ತು. ಪೂಜೆ ಮುಗಿಸಿ ಅವಳು ಗುಡಿಯ ಕಟ್ಟೆಯ ಮೇಲೆ ಬುತ್ತಿ ಇಟ್ಟುಕೊಂಡು ಕೂತಳು. ತಮ್ಮನಾದವನು ತನ್ನ ಗಂಡನಿಗೆ ಇತಿಹಾಸ ತೋರಿಸಲು ಕರೆದೊಯ್ಯುತ್ತಿದ್ದಾನೆ ಎಂದು ಅವಳಿಗೆ ಹೆಮ್ಮೆ. ಹುಷಾರಾಗಿ ಕರ್ಕೊಂಡ್ ಹೋಗಿ ಕರ್ಕೊಂಡ್ ಬಾ ಎಂದು ಅವಳು ಹೇಳಿದ್ದು ಭಾವನಿಗಲ್ಲ, ನನಗೆ.

ಮೇಲೆ ಕೋಟೆಯಿತ್ತು, ಕೊಳವಿತ್ತು. ಎಡಗಡೆ ಗೋಡೆಯೂ ಇತ್ತು. ಕೋಟೆ ಎಂದಮೇಲೆ ನೀರೂ ಇರುತ್ತದೆ ಗೋಡೆಯೂ ಇರುತ್ತದೆ, ನೀರಿನ ಒಂದು ಬದಿ ಎಡವೇ ಆಗಿರುತ್ತದೆ ಎಂದು ಆ ಹೊತ್ತಿನಲ್ಲಿ ನಮಗಿಬ್ಬರಿಗೂ ಹೊಳೆಯಲಿಲ್ಲ. ಭಾವ ನನ್ನ ಕಡೆ ಗೆದ್ದ ನಗೆ ಬೀರಿ, ಕೊಡೆಯನ್ನು ಕತ್ತಿಯಂತೆ ಹಿಡಿದು, ಗೋಡೆಗೆ ಏಟು ಹಾಕಿದರು. ಎರಡನೆಯ ಏಟಿಗೆ ಸ್ವಲ್ಪ ಮಣ್ಣು ಉದುರಿತು. ಮೂರನೆಯದಕ್ಕೆ ಗೋಡೆಯ ಮೇಲಿನ ಬಂಡೆಯ ಸಂದಿಯಿಂದ, ದೂರದಲ್ಲಿ ಲಾರಿ ದಿಬ್ಬ ಹತ್ತುವಂತಹ ಸದ್ದು ಬಂತು.

ಹೆಜ್ಜೇನು.

ಬಂಡೆಯ ನೆರಳೇ ಕಳಚಿ ಹಾರಿ ಬಂದಂತೆ ಬಂದವು. ಭಾವ ಕೊಡೆ ಬೀಸುತ್ತಾ ಓಡಿದರು. ನಾವು ಬಂದ ದಾರಿ ಬಲಕ್ಕೆ, ಅವರು ಓಡಿದ್ದು ಎಡಕ್ಕೆ. ಅಲ್ಲಿ ಕೋಟೆಯ ಗೋಡೆ ಕುಸಿದು ಬಾಯಿ ಬಿಟ್ಟಿತ್ತು. ಅದರಾಚೆ ಬರೀ ಆಕಾಶ. ಅವರ ಕಣ್ಣು ಹುಳುಗಳ ಮೇಲಿತ್ತು. ಆಕಾಶ ಕಂಡದ್ದು ಹಿಂದೆ ನಿಂತ ನನಗೆ. ನಿಲ್ಲಿ ಎನ್ನಬಹುದಿತ್ತು, ಭಾವ ಎಂದು ಕರೆಯಬಹುದಿತ್ತು. ನನ್ನ ಬಾಯಿಗೆ ಬಂದದ್ದು ಅಂಗಡಿಯ ಮಾತು.

"ಕೂರೋ! ಕೂರೋ ಲೇ!"

ಭಾವ ಕೂತರು. ಯಾಕೆ ಎಂದು ಕೇಳಲಿಲ್ಲ. ಕಾಲು ಮಡಚಿಕೊಂಡು, ತಲೆ ತಗ್ಗಿಸಿ, ಆಟದ ನಾಯಕ ಕೂರುವ ಹಾಗೆಯೇ ಕೂತರು. ಕೈಯಿಂದ ಜಾರಿದ ಕೊಡೆ ಉರುಳುತ್ತಾ ಹೋಗಿ ಗೋಡೆಯ ಬಾಯಿಂದ ಆಚೆ ಬಿತ್ತು. ಅದು ಕೆಳಗೆ ತಲುಪಿದ ಸದ್ದು ನಮಗೆ ಕೇಳಿಸಲಿಲ್ಲ. ನಾನು ಈಗಲೂ ಒಮ್ಮೊಮ್ಮೆ ಆ ಸದ್ದಿಗೆ ಕಿವಿಗೊಟ್ಟು ಕಾಯುತ್ತಿರುತ್ತೇನೆ. ನಾನು ಕೆಲಸಕ್ಕಿರುವ ಬೀಜದ ಅಂಗಡಿಯಲ್ಲಿ ಚೀಲ ಹೊಲಿಯುತ್ತಿರುವಾಗ, ಊಟಕ್ಕೆ ಕೂತಾಗ. ಒಂದೊಂದು ಸಲ ನನ್ನ ಮನಸ್ಸಿನಲ್ಲಿ ಭಾವ ಕೂರುವುದಿಲ್ಲ. ಆಗ ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬರುತ್ತೇನೆ.

ಮಿಕ್ಕದ್ದು ಹೇಳಲು ಸುಲಭ. ಭಾವ ಪಂಚೆಯನ್ನು ಬಿಚ್ಚಿ ತಲೆಯ ಮೇಲೆ ಹೊದ್ದುಕೊಂಡರು, ನಾನು ತೆವಳಿಕೊಂಡು ಹೋಗಿ ಅದರೊಳಗೆ ಸೇರಿದೆ. ಸೊರಬದ ಘನವಂತ ವ್ಯಾಪಾರಿಯೊಬ್ಬರು ಪಟ್ಟೆ ಚಡ್ಡಿಯಲ್ಲಿ, ಶಿಕಾರಿಪುರದ ಪದವೀಧರನೊಬ್ಬನನ್ನು ತಬ್ಬಿಕೊಂಡು, ಕದಂಬರ ಕೋಟೆಯಲ್ಲಿ ಅಲ್ಲಾಡದೆ ಕೂತಿದ್ದ ಆ ದೃಶ್ಯವನ್ನು ಯಾರೂ ಕಲ್ಲಿನಲ್ಲಿ ಕೊರೆಯಲಿಲ್ಲ ಎಂಬುದು ನಮ್ಮ ಪುಣ್ಯ. ಹುಳುಗಳು ಬೇಸತ್ತು ಬಂಡೆಗೆ ಮರಳಿದ ಮೇಲೆ ನಾವು ಬಗ್ಗಿಕೊಂಡೇ ಬೆಟ್ಟ ಇಳಿದೆವು. ಅಕ್ಕ ಮುಳ್ಳು ಕಿತ್ತು ಸುಣ್ಣ ಹಚ್ಚಿದಳು. ಬಾಯಿಗೆ ಬಂದಂತೆ ಬೈದದ್ದು ಹೆಜ್ಜೇನಿಗೆ, ಸುಮ್ಮನೆ ದಿಟ್ಟಿಸಿದ್ದು ನನ್ನನ್ನು. ಗೋಡೆಯ ಬಾಯಿಯ ವಿಷಯ ನಾವು ಅವಳಿಗೆ ಹೇಳಿಲ್ಲ. ಕೊಡೆಯನ್ನು ಬಸ್ಸಿನಲ್ಲಿ ಮರೆತದ್ದಾಗಿ ಭಾವ ಹೇಳಿದರು.

ಮುಂದಿನ ವಾರವೂ ಅವರ ಮುಖದ ಊತ ಪೂರ್ತಿ ಇಳಿದಿರಲಿಲ್ಲ. ಒಂದು ಕಣ್ಣು ಮುಚ್ಚಿಕೊಂಡು, ತುಟಿ ದಪ್ಪವಾಗಿಸಿಕೊಂಡು ಅಂಗಡಿಯ ಬಾಗಿಲಲ್ಲಿ ನಿಂತವರನ್ನು ಮಂಜಣ್ಣ ಬಹಳ ಹೊತ್ತು ನೋಡಿದ. ಆಮೇಲೆ ಅಂದ, "ನಾಯಕ ಯಾವೂರವನೋ ಗೊತ್ತಿಲ್ರಿ. ಕಡೇ ಸ್ಟೇಜಿನ ರಾಕ್ಷಸ ಮಾತ್ರ ಸೊರಬದಾಂವ."

ನನ್ನನ್ನು ಕಾಡುತ್ತಿದ್ದುದು ಇನ್ನೊಂದಿತ್ತು. ಅಂಗಡಿಯ ಹೊಸ್ತಿಲಿಂದ ಅಷ್ಟು ದೂರದಲ್ಲಿ, ಅಕ್ಕನ ಗಂಡನನ್ನು, ಲೇ ಎಂದುಬಿಟ್ಟಿದ್ದೆ. ಆ ಏಕವಚನಕ್ಕೆ ಪರವಾನಗಿ ಇರಲಿಲ್ಲ. ಭಾವ ಊಟಕ್ಕೆ ನಮ್ಮ ಮನೆಗೆ ಬಂದ ದಿನ ಹಿತ್ತಲಲ್ಲಿ ಕೈತೊಳೆಯಲು ನೀರು ಹಾಕುತ್ತಾ, ತಪ್ಪಾಯ್ತು ಭಾವ ಎಂದೆ. ಅವರು ಕೈ ಒರೆಸಿಕೊಂಡು, ಬೇರೇನೋ ನೆನಪಾದವರಂತೆ ಕೇಳಿದರು.

"ನಿಮ್ಮ ತಾಳಗುಂದದ ಕಂಬದಲ್ಲಿ ಅವ್ನ ಹೆಂಡ್ತಿ ತಮ್ಮನ ಸುದ್ದಿ ಇದ್ಯಾ?"

ಮಯೂರಶರ್ಮನ ಭಾವಮೈದನ ಬಗ್ಗೆ ಶಾಸನ ಏನೂ ಹೇಳುವುದಿಲ್ಲ ಎಂದೆ.

"ಇದ್ದಿರ್ತಾನೆ ಮಾರಾಯ. ಹಿಂದೆ ನಿಂತು ಒದರೋನು ಒಬ್ಬ ಇದ್ದೇ ಇರ್ತಾನೆ. ಇಲ್ದಿದ್ರೆ ಕಂಬ ಕೆತ್ಸಕ್ಕೆ ವಂಶ ಎಲ್ಲಿ ಉಳೀತಿತ್ತು?"

ನಾನು ಓದಿದ ಇತಿಹಾಸದಲ್ಲೆಲ್ಲ ಇದಕ್ಕೆ ಆಕ್ಷೇಪ ಸಿಗಲಿಲ್ಲ. ಹೀಗಾಗಿ ನಾಯಕನನ್ನು ಸೊರಬಕ್ಕೆ ಬಿಟ್ಟುಕೊಟ್ಟು, ಭಾವಮೈದನನ್ನು ಶಿಕಾರಿಪುರಕ್ಕೆ ಉಳಿಸಿಕೊಂಡು ರಾಜಿಯಾಗಿದ್ದೇನೆ.

ನಿನ್ನೆ ಇಬ್ಬರೂ ಧೈರ್ಯ ಮಾಡಿ ಮತ್ತೆ ಮೂರನೇ ಸ್ಟೇಜಿಗೆ ಹೋದೆವು. ಭಾವ ಹ್ಯಾಂಡಲ್ ಹಿಡಿದಿದ್ದರು, ನಾನು ಹಿಂದೆ ನಿಂತಿದ್ದೆ. ಕೊಳ ಬಂತು, ಗೋಡೆ ಬಂತು, ಮೂರು ಏಟು ಬಿತ್ತು, ಕರಿಹಕ್ಕಿಗಳು ಬಂದವು. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಹ್ಯಾಂಡಲ್ ಬಿಟ್ಟು ಬೆಂಚಿನಿಂದಿಳಿದು ನೆಲದ ಮೇಲೆ ಕೂತಿದ್ದರು. ನಾನೂ ಅವರ ಪಕ್ಕದಲ್ಲೇ ಕೂತಿದ್ದೆ. ತೆರೆಯ ಮೇಲೆ ಮಯೂರಶರ್ಮ, ಕೂಗುವವರಿಲ್ಲದೆ, ಒಬ್ಬನೇ ನಿಂತಲ್ಲೇ ಸತ್ತ. ಸಾಯಲಿ ಬಿಡಿ. ಅವನಿಗೆ ಇನ್ನೂ ಎರಡು ಲೈಫ್ ಇತ್ತು.